ಅರ್ಧ ಕೆಂಪು, ಅರ್ಧ ಬಿಳುಪು: ಎಳೆಗೂಸು ಮಲಗುವ ಬಗೆ, ಮೈಯಲ್ಲಿ ರಕ್ತ ಹರಿಯುವ ಬಗೆ

(ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಆಶಾ ಕಾರ್ಯಕರ್ತೆಯರು, ಬಸುರಿಯರು ಮತ್ತು ಅವರ ಮನೆಯ ಹಿರಿಯರ ಮುಂದೆ ಮಕ್ಕಳ ವೈದ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಮಧ್ಯಾಹ್ನ ಓಪಿಡಿ ಮುಗಿಯುತ್ತಾ ಬಂದಿತ್ತು. ಮುಳಬಾಗಿಲು ಕಡೆಯ ಹಳ್ಳಿಯಿಂದ ಅಜ್ಜಿಯೊಬ್ಬರು ನಾಲ್ಕು ದಿನದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಏದುಸಿರು ಬಿಡುತ್ತಾ ಒಳಗೆ ಬಂದರು. "ಡಾಕ್ಟ್ರಮ್ಮಾ, ಒಂದು ಕಡೆ ಮೈಯೆಲ್ಲಾ ಕುಂಕುಮ ಬಳ್ದಂಗೆ ಕೆಂಪಗೆ, ಇನ್ನೊಂದು ಕಡೆ ಸುಣ್ಣದಂಗೆ ಬೆಳ್ಳಗೆ. ಹಣೆಯಿಂದ ಹೊಕ್ಕಳ ತನಕ ಗೆರೆ ಎಳ್ದಂಗಿತ್ತು. ಅರ್ಧನಾರೀಶ್ವರ ಆಗೋಗಿತ್ತು ನನ್ನ ಕೂಸು" ಎಂದರು. ನಾನು ಬಟ್ಟೆ ಬಿಚ್ಚಿ ನೋಡಿದೆ. ಮೈಯೆಲ್ಲಾ ಒಂದೇ ಬಣ್ಣ. ಕೂಸು ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು. "ಬಿಸಿಲಲ್ಲಿ ಹಾಗೆ ಕಂಡಿರಬೇಕು ಅಜ್ಜಿ, ಏನೂ ಇಲ್ಲ, ಮನೆಗೆ ಹೋಗಿ" ಅಂದುಬಿಟ್ಟೆ. ಅಜ್ಜಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಮತ್ತೆ ಮಾತಾಡಲಿಲ್ಲ. ಕೂಸನ್ನು ಎತ್ತಿಕೊಂಡು ಹೊರಟರು.

ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ ಡ್ಯೂಟಿಯಲ್ಲಿ, ಮೈ ಬೆಚ್ಚಗಿಡುವ ವಾರ್ಮರ್ ಕೆಳಗೆ ಬಲಮಗ್ಗುಲಾಗಿ ಮಲಗಿದ್ದ ಒಂದು ಕೂಸನ್ನು ನೋಡಿ ನನ್ನ ಕೈ ಹಾಗೇ ನಿಂತಿತು. ಕೆಳಗಿದ್ದ ಬಲಭಾಗ ದಾಳಿಂಬೆ ಬಣ್ಣ, ಮೇಲಿದ್ದ ಎಡಭಾಗ ಬಿಳುಪು. ನಡುವೆ ಗೆರೆ: ಹಣೆಯ ಮಧ್ಯದಿಂದ ಹೊರಟು ಮೂಗಿನ ಮೇಲೆ ಇಳಿದು, ಗಲ್ಲ, ಎದೆ, ಹೊಕ್ಕಳು. ದಾರ ಹಿಡಿದು ಎಳೆದ ಹಾಗೆ. ಕೂಸಿನ ಉಸಿರು ಸರಿಯಿತ್ತು, ತುಟಿ ಕೆಂಪಗಿತ್ತು, ನಾಡಿ ಸರಿಯಿತ್ತು. ಮೆಲ್ಲಗೆ ಎಡಮಗ್ಗುಲಿಗೆ ತಿರುಗಿಸಿದೆ. ಒಂದು ನಿಮಿಷದಲ್ಲಿ ಕೆಂಪು ಬಲದಿಂದ ಎಡಕ್ಕೆ ಬಂತು. ಆಮೇಲೆ ಕೂಸು ಎದ್ದು ಅತ್ತಿತು. ಅತ್ತಿದ್ದೇ ತಡ, ಮೈಯೆಲ್ಲಾ ಒಂದೇ ಕೆಂಪು. ಆ ರಾತ್ರಿ ನನಗೆ ನೆನಪಾದದ್ದು ಆ ಅಜ್ಜಿಯ ಮುಖ. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಇದಕ್ಕೆ ಹಾರ್ಲೆಕ್ವಿನ್ ಬಣ್ಣ ಬದಲಾವಣೆ ಅಂತ ಹೆಸರು. ಹಾರ್ಲೆಕ್ವಿನ್ ಅಂದರೆ ಇಟಲಿ ಕಡೆಯ ಹಳೇ ನಾಟಕಗಳಲ್ಲಿ ಬಣ್ಣಬಣ್ಣದ ತುಂಡು ಸೇರಿಸಿ ಹೊಲಿದ ಬಟ್ಟೆ ಹಾಕುವ ಪಾತ್ರ. 1952ರಲ್ಲಿ ಇಂಗ್ಲೆಂಡಿನ ಇಬ್ಬರು ವೈದ್ಯರು, ನೆಲಿಗನ್ ಮತ್ತು ಸ್ಟ್ರ್ಯಾಂಗ್, ಇದನ್ನು ಮೊದಲು ಬರೆದಿಟ್ಟರು. ನನ್ನನ್ನು ಕೇಳಿದರೆ ಅಜ್ಜಿ ಇಟ್ಟ ಹೆಸರೇ ಸರಿ, ಅರ್ಧನಾರೀಶ್ವರ. ನೂರು ಕೂಸುಗಳಲ್ಲಿ ಹತ್ತರವರೆಗೂ ಇದು ಕಾಣಬಹುದು. ಹುಟ್ಟಿದ ಎರಡನೇ ದಿನದಿಂದ ಐದನೇ ದಿನದೊಳಗೆ ಹೆಚ್ಚು, ದಿನ ತುಂಬದೆ ಹುಟ್ಟಿದವುಗಳಲ್ಲಿ ಇನ್ನೂ ಹೆಚ್ಚು. ಅರ್ಧ ನಿಮಿಷದಿಂದ ಇಪ್ಪತ್ತು ನಿಮಿಷ ಇದ್ದು ತಾನಾಗಿ ಹೋಗುತ್ತದೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ನಮ್ಮ ಕಡೆ ಮೈಬಣ್ಣ ಸ್ವಲ್ಪ ಗಾಢವಾಗಿರುವ ಮಕ್ಕಳಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ನಾವು ಕಂಡಿಲ್ಲ, ಕೇಳಿಲ್ಲ ಅಂದುಕೊಳ್ಳುತ್ತೇವೆ.

ಯಾಕೆ ಹೀಗಾಗುತ್ತದೆ? ನಮ್ಮ ಜಿಲ್ಲೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಇಲ್ಲಿ ಕೂತಿರುವ ಹಿರಿಯರು ನೀರುಗಂಟಿಯನ್ನು ನೋಡಿದ್ದೀರಿ. ಕೆರೆ ತುಂಬಿದಾಗ ತೂಬು ಎತ್ತಿ, ಮೇಲಿನ ಗದ್ದೆಗೆ ಇಷ್ಟು ಹೊತ್ತು, ಕೆಳಗಿನ ಗದ್ದೆಗೆ ಇಷ್ಟು ಹೊತ್ತು ಅಂತ ಕಾಲುವೆ ಕಟ್ಟಿ ಬಿಡುವವನು. ನೀರನ್ನು ಅದರ ಪಾಡಿಗೆ ಬಿಟ್ಟರೆ ತಗ್ಗಿಗೇ ಹರಿಯುತ್ತದೆ. ಮೇಲಿನ ಗದ್ದೆಗೂ ಸಿಗುವ ಹಾಗೆ ನೋಡಿಕೊಳ್ಳುವುದೇ ನೀರುಗಂಟಿಯ ಕೆಲಸ. ನಮ್ಮ ಮಿದುಳಿನಲ್ಲೂ ಅಂಥ ಒಬ್ಬ ನೀರುಗಂಟಿ ಇದ್ದಾನೆ. ನೀವು ಮಲಗಿದವರು ಎದ್ದು ನಿಂತರೆ ರಕ್ತವೆಲ್ಲ ಕಾಲಿಗೆ ಇಳಿಯಬೇಕಲ್ಲ? ಇಳಿಯುವುದಿಲ್ಲ. ಆ ಕ್ಷಣಕ್ಕೆ ಕಾಲಿನ ರಕ್ತನಾಳಗಳು ಬಿಗಿಯಾಗುತ್ತವೆ, ಹೃದಯ ಸ್ವಲ್ಪ ಜೋರಾಗಿ ಬಡಿಯುತ್ತದೆ, ತಲೆಗೆ ರಕ್ತ ತಪ್ಪುವುದಿಲ್ಲ. ಹುಟ್ಟಿ ನಾಲ್ಕು ದಿನವಾದ ಕೂಸಿನಲ್ಲಿ ಆ ನೀರುಗಂಟಿ ಕೆಲಸಕ್ಕೆ ಹೊಸಬ. ಮಗ್ಗುಲಾಗಿ ಮಲಗಿಸಿದರೆ ಕೆಳಗಿನ ಭಾಗದ ಚರ್ಮದ ಸಣ್ಣ ನಾಳಗಳನ್ನು ಬಿಗಿ ಮಾಡುವುದು ಅವನಿಗೆ ಒಂದೊಂದು ಸಲ ತಪ್ಪಿಹೋಗುತ್ತದೆ. ರಕ್ತ ತಗ್ಗಿಗೆ ಇಳಿದು ಅಲ್ಲಿ ಕೆಂಪಾಗುತ್ತದೆ. ಕೂಸು ಅತ್ತು ಕೈಕಾಲು ಆಡಿಸಿದರೆ ಎಲ್ಲ ಸರಿಹೋಗುತ್ತದೆ.

ಹೊಟ್ಟೆಯೊಳಗೆ ಇದ್ದಾಗ ಅವನಿಗೆ ಈ ಕೆಲಸ ಇಷ್ಟಿರಲಿಲ್ಲ ನೋಡಿ. ಒಂಬತ್ತು ತಿಂಗಳು ಕೂಸು ನೀರಿನಲ್ಲಿ ತೇಲುತ್ತಿತ್ತು. ಉಸಿರಾಡುವ ಕೆಲಸವೂ ಮಾಸುವಿನದೇ ಆಗಿತ್ತು. ಹೃದಯದಿಂದ ಹೊರಡುವ ರಕ್ತದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಶ್ವಾಸಕೋಶಕ್ಕೆ. ಉಳಿದದ್ದು ಎರಡು ಬಳಸುದಾರಿಗಳಲ್ಲಿ ದಾಟಿಹೋಗುತ್ತಿತ್ತು. ಒಂದು, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಕಿಂಡಿ. ಇನ್ನೊಂದು, ಶ್ವಾಸಕೋಶದ ನಾಳವನ್ನು ಮೈಯ ದೊಡ್ಡ ನಾಳಕ್ಕೆ ಸೇರಿಸುವ ಕೊಳವೆ. ಹುಟ್ಟಿ ಮೊದಲ ಸಲ ಅತ್ತಾಗ ಶ್ವಾಸಕೋಶ ಅರಳುತ್ತದೆ, ರಕ್ತ ಅಲ್ಲಿಗೆ ನುಗ್ಗುತ್ತದೆ, ಕಿಂಡಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಕೊಳವೆ ತುಂಬು ತಿಂಗಳ ಕೂಸಿನಲ್ಲಿ ಎರಡು ಮೂರು ದಿನದಲ್ಲಿ ಬಿಗಿಯಾಗಿ, ಕೆಲವು ವಾರಗಳಲ್ಲಿ ಪೂರ್ತಿ ಮುಚ್ಚುತ್ತದೆ. ಇಡೀ ಮೈಯ ಕಾಲುವೆಗಳನ್ನೇ ಮೂರು ದಿನದಲ್ಲಿ ತಿರುಗಿಸಿ ಕಟ್ಟುವ ಕೆಲಸ ಇದು. ಅಷ್ಟರಲ್ಲೇ ನಾವು ಕೂಸನ್ನು ಎತ್ತುತ್ತೇವೆ, ಇಳಿಸುತ್ತೇವೆ, ಮಗ್ಗುಲು ಮಾಡುತ್ತೇವೆ, ಎರೆಯುತ್ತೇವೆ.

ರಕ್ತ ಎಷ್ಟಿರುತ್ತದೆ ಅಂತೀರಿ? ತುಂಬು ತಿಂಗಳ ಕೂಸಿಗೆ ಕೆಜಿಗೆ ಸುಮಾರು 80 ಎಂಎಲ್. ಮೂರು ಕೆಜಿ ಕೂಸಿಗೆ 240 ಎಂಎಲ್, ಅಂದರೆ ನಾವು ಮಜ್ಜಿಗೆ ಕುಡಿಯುವ ಒಂದು ದೊಡ್ಡ ಲೋಟ. ಅಷ್ಟೇ. ಅದನ್ನು ನಿಮಿಷಕ್ಕೆ 120ರಿಂದ 160 ಸಲ ಬಡಿಯುವ ಒಂದು ಪುಟ್ಟ ಹೃದಯ ಸುತ್ತಿಸುತ್ತಿರುತ್ತದೆ. ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವ ಶಕ್ತಿ ಅದಕ್ಕೆ ಕಡಿಮೆ. ಬೇಕಾದಾಗ ಬಡಿತ ಹೆಚ್ಚಿಸಿಕೊಂಡೇ ನಿಭಾಯಿಸಬೇಕು.

ಬಸುರಿಯರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ಅದಕ್ಕೆ ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೀವು ಮಲಗುವ ಬಗೆಯೂ ಕೂಸಿನ ರಕ್ತಕ್ಕೆ ಸೇರಿದ್ದು. ತಿಂಗಳು ತುಂಬುತ್ತಾ ಬಂದಾಗ ಅಂಗಾತ ಮಲಗಿದರೆ ಭಾರದ ಗರ್ಭಕೋಶ ಬೆನ್ನುಮೂಳೆ ಪಕ್ಕದ ದೊಡ್ಡ ಅಭಿಧಮನಿಯನ್ನು ಒತ್ತುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ, ಮಾಸುವಿಗೆ ಹೋಗುವುದೂ ಕಡಿಮೆಯಾಗುತ್ತದೆ. ಕೆಲವರಿಗೆ ತಲೆ ಸುತ್ತಿ ಬೆವರು ಬರುವುದು ಅದಕ್ಕೇ. ಏಳನೇ ತಿಂಗಳಿಂದ ಮಗ್ಗುಲಾಗಿ ಮಲಗಿ. ಎಡಮಗ್ಗುಲು ಒಳ್ಳೆಯದು. ನಿದ್ದೆಯಲ್ಲಿ ಅಂಗಾತ ತಿರುಗಿದ್ದರೆ ಗಾಬರಿ ಬೇಡ, ಎಚ್ಚರವಾದಾಗ ಮಗ್ಗುಲಾಗಿ.

ಹೆರಿಗೆ ಕೋಣೆಗೆ ಬರೋಣ. ಹಳೇ ಸಿನಿಮಾಗಳಲ್ಲಿ ನೋಡಿದ್ದೀರಿ, ಕೂಸನ್ನು ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿ ಅಳಿಸುವುದು. ನನಗೂ ಕೆಲಸ ಕಲಿಸಿದವರೊಬ್ಬರು ಹಾಗೇ ಮಾಡುತ್ತಿದ್ದರು. ಅದರಿಂದ ಉಪಯೋಗವೇನೂ ಇಲ್ಲ, ಅಪಾಯ ಇದೆ. ತಲೆಕೆಳಗಾದ ಕೂಸಿನ ರಕ್ತ ತಲೆಗೆ ಇಳಿಯುತ್ತದೆ, ತಲೆಯಿಂದ ವಾಪಸ್ ಬರುವುದು ಕಷ್ಟವಾಗುತ್ತದೆ. ಒಳಗಿರುವ ನಾಳಗಳು ತೆಳು ಕಾಗದದ ಹಾಗೆ. ಕೂಸನ್ನು ಒರೆಸಿ, ಬೆನ್ನು ಮೆಲ್ಲಗೆ ಉಜ್ಜಿದರೆ ಸಾಕು.

ಹೊಕ್ಕಳಬಳ್ಳಿಯ ವಿಷಯದಲ್ಲೂ ಕೂಸು ಎಲ್ಲಿದೆ ಅನ್ನುವುದರ ಬಗ್ಗೆ ತುಂಬಾ ಯೋಚನೆ ನಡೆದಿದೆ. ಹುಟ್ಟಿದ ಕೂಡಲೇ ಬಳ್ಳಿ ಕತ್ತರಿಸದಿದ್ದರೆ ಮಾಸುವಿನಲ್ಲಿ ಉಳಿದ ರಕ್ತದಲ್ಲಿ ಸುಮಾರು 80 ಎಂಎಲ್‌ನಷ್ಟು ಕೂಸಿಗೆ ಬಂದು ಸೇರಬಹುದು. ಒಂದು ಲೋಟದವನಿಗೆ ಕಾಲು ಲೋಟಕ್ಕಿಂತ ಹೆಚ್ಚು ಸಿಕ್ಕ ಹಾಗೆ ಆಯಿತು. ಕೂಸನ್ನು ತಾಯಿಗಿಂತ ಕೆಳಗೆ ಹಿಡಿದರೆ ಬೇಗ ಇಳಿಯುತ್ತದೆ, ತುಂಬಾ ಮೇಲೆ ಹಿಡಿದರೆ ಇಳಿಯುವುದೇ ಇಲ್ಲ ಅಂತ 1969ರಲ್ಲಿ ಯಾವೊ ಮತ್ತು ಲಿಂಡ್ ಎಂಬುವರು ಅಳೆದು ತೋರಿಸಿದರು. ಅದನ್ನು ನಂಬಿ ಎಷ್ಟೋ ವರ್ಷ ಕೂಸನ್ನು ತಾಯಿಯ ಎದೆಗೆ ಕೊಡದೆ ಕೆಳಗೇ ಹಿಡಿದುಕೊಂಡು ನಿಲ್ಲುತ್ತಿದ್ದರು. 2014ರಲ್ಲಿ ಅರ್ಜೆಂಟೀನಾದಲ್ಲಿ ಕೂಸುಗಳನ್ನು ತೂಕ ಮಾಡಿಯೇ ನೋಡಿದರು. ಕೆಲವನ್ನು ಕೆಳಗೆ, ಹೆರಿಗೆ ದಾರಿಯ ಮಟ್ಟದಲ್ಲಿ ಹಿಡಿದರು, ಕೆಲವನ್ನು ತಾಯಿಯ ಹೊಟ್ಟೆ ಅಥವಾ ಎದೆಯ ಮೇಲೆ ಮಲಗಿಸಿದರು, ಎಲ್ಲರಿಗೂ ಎರಡು ನಿಮಿಷ ಕಾದರು. ಕೆಳಗಿದ್ದವು 56 ಗ್ರಾಂ ಹೆಚ್ಚಿದವು, ತಾಯಿಯ ಮೇಲಿದ್ದವು 53 ಗ್ರಾಂ. ಅಂದರೆ ವ್ಯತ್ಯಾಸವೇ ಇಲ್ಲ. ಈ ಫಲಿತಾಂಶ ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಕೂಸು ಹುಟ್ಟಿದ ಕ್ಷಣಕ್ಕೆ ತಾಯಿಯ ಮೈಮೇಲೆ ಹೋಗಬಹುದು, ರಕ್ತವೂ ನಷ್ಟವಾಗುವುದಿಲ್ಲ. ಕೂಸು ಚೆನ್ನಾಗಿ ಅತ್ತು ಉಸಿರಾಡುತ್ತಿದ್ದರೆ ಒಂದು ನಿಮಿಷವಾದರೂ ಕಾಯಿರಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆಶಾ ತಂಗಿಯರೇ, ಹೆರಿಗೆಗೆ ಜೊತೆಯಲ್ಲಿ ಹೋದಾಗ ಇದನ್ನು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಇನ್ನು ಬಾಣಂತನದ ಮನೆ. ಹಂಡೆ ನೀರು ಕಾದಿರುತ್ತದೆ. ಅಜ್ಜಿ ಸೀರೆ ಮಂಡಿಯ ತನಕ ಎತ್ತಿ ಕಟ್ಟಿ, ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಹಾಕಿಕೊಳ್ಳುತ್ತಾರೆ. ಆ ಎರಡು ಕಾಲು ಸೇರಿದ ಕಡೆ ಒಂದು ತೊಟ್ಟಿಲೇ ಆಗಿಬಿಡುತ್ತದೆ, ಕೂಸು ಎಲ್ಲೂ ಜಾರುವುದಿಲ್ಲ. ಎಣ್ಣೆ ಸವರುವ ಆ ಕೈ, ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡುವ ಆ ಜಾಣತನ, ಇದನ್ನೆಲ್ಲಾ ನಾನು ನೋಡಿ ಕಲಿತವಳು. ಎರೆದ ಮೇಲೆ ಮಾಡುವ ಒಂದು ಕೆಲಸ ಮಾತ್ರ ಬಿಡಿ ಅಂತ ಕೈಮುಗಿದು ಕೇಳುತ್ತೇನೆ. ಎರಡು ಕಾಲು ಹಿಡಿದು ತಲೆಕೆಳಗೆ ಜೋತು ಬಿಟ್ಟು "ಮೈ ಸಡಿಲ ಆಗ್ಲಿ, ಎತ್ತರ ಬೆಳೀಲಿ" ಅಂತ ಜಾಡಿಸುವುದು. ಹೆರಿಗೆ ಕೋಣೆಯಲ್ಲಿ ಯಾಕೆ ಬೇಡ ಅಂದೆನೋ ಇಲ್ಲೂ ಅದಕ್ಕೇ ಬೇಡ. ಎಣ್ಣೆ ಮೈ ಬೇರೆ, ಕೈ ಜಾರಿದರೆ ಗತಿ ಏನು? ಕೂಸನ್ನು ಬೋರಲಾಗಿ ಕಾಲ ಮೇಲೆ ಹಾಕಿಕೊಂಡಾಗ ಮೂಗು ಬಾಯಿಗೆ ನೀರು ಹೋಗದ ಹಾಗೆ ತಲೆ ಒಂದು ಪಕ್ಕಕ್ಕಿರಲಿ, ಬೇಗ ಮುಗಿಸಿ, ಕೂಡಲೇ ಒರೆಸಿ. ಒದ್ದೆ ಮೈಗೆ ಚಳಿಯಾದರೆ ಚರ್ಮದ ಮೇಲೆ ಬಲೆ ಹೆಣೆದ ಹಾಗೆ ನೀಲಿ ಗೆರೆ ಬರುವುದನ್ನು ನೋಡಿರುತ್ತೀರಿ. ಬೆಚ್ಚಗೆ ಸುತ್ತಿದರೆ ಅದು ಹೋಗುತ್ತದೆ.

ದಾರದ ಬಗ್ಗೆ ಒಂದು ಮಾತು. ಕೈಗೆ, ಕಾಲಿಗೆ ಕರಿದಾರ ಕಟ್ಟುತ್ತೀರಿ. ದೃಷ್ಟಿಗೆ ಕಟ್ಟಿ, ಬೇಡ ಅನ್ನುವುದಿಲ್ಲ. ಕೂಸು ದಿನಾ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ. ನಿಮ್ಮ ಕಿರುಬೆರಳು ಸಲೀಸಾಗಿ ಒಳಗೆ ಹೋಗಬೇಕು. ಎರಡು ತಿಂಗಳ ಒಂದು ಮಗು ರಾತ್ರಿಯೆಲ್ಲಾ ಅತ್ತು ಬೆಳಿಗ್ಗೆ ಬಂದಿತ್ತು. ಹೊಟ್ಟೆನೋವು ಅಂದುಕೊಂಡಿದ್ದರು. ಕಾಲುಚೀಲ ತೆಗೆದರೆ ನಡುಬೆರಳು ನೇರಳೆ ಹಣ್ಣಿನ ಬಣ್ಣ. ಬುಡದಲ್ಲಿ ತಾಯಿಯ ಉದುರಿದ ಒಂದೇ ಒಂದು ಕೂದಲು ನಾಲ್ಕು ಸುತ್ತು ಸುತ್ತಿಕೊಂಡಿತ್ತು. ಭೂತಗನ್ನಡಿ ಹಿಡಿದು ಬಿಡಿಸಬೇಕಾಯಿತು. ಬಾಣಂತಿಯರಿಗೆ ಕೂದಲು ಉದುರುವ ಕಾಲ ಅದು. ಕಾರಣ ತಿಳಿಯದೆ ಕೂಸು ಅತ್ತರೆ ಕೈಕಾಲಿನ ಎಲ್ಲಾ ಬೆರಳೂ ಬಿಡಿಸಿ ನೋಡಿ.

ಮಲಗಿಸುವುದಕ್ಕೆ ಬರುತ್ತೇನೆ. ಇದರಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ. ಕೂಸನ್ನು ಅಂಗಾತ ಮಲಗಿಸಿ. ಬೋರಲು ಮಲಗಿದರೆ ಚೆನ್ನಾಗಿ ನಿದ್ದೆ ಮಾಡುತ್ತದೆ ಅಂತೀರಿ. ನಿಜ, ಗಾಢವಾಗಿ ನಿದ್ದೆ ಮಾಡುತ್ತದೆ. ಭಯವಿರುವುದು ಅಲ್ಲೇ. ನಿದ್ದೆಯಲ್ಲಿರುವ ಕೂಸುಗಳಿಗೆ ಯಂತ್ರ ಕಟ್ಟಿ ಅಳೆದು ನೋಡಿದ್ದಾರೆ. ಬೋರಲು ಮಲಗಿದಾಗ ಬಿಪಿ ಇಳಿಯುತ್ತದೆ, ಮಿದುಳಿಗೆ ಸಿಗುವ ಆಕ್ಸಿಜನ್ ಕಡಿಮೆಯಾಗುತ್ತದೆ, ತೊಂದರೆಯಾದಾಗ ಎಚ್ಚರಗೊಳ್ಳುವ ಶಕ್ತಿ ಕುಗ್ಗುತ್ತದೆ. ನಮ್ಮ ನೀರುಗಂಟಿ ನಿದ್ದೆಗಣ್ಣಿನಲ್ಲಿರುತ್ತಾನೆ. ಎರಡರಿಂದ ನಾಲ್ಕು ತಿಂಗಳ ನಡುವೆ ಇದು ಹೆಚ್ಚು ಅಪಾಯ. ನ್ಯೂಜಿಲೆಂಡ್, ಇಂಗ್ಲೆಂಡ್, ಅಮೆರಿಕಗಳಲ್ಲಿ 1990ರ ದಶಕದ ಮೊದಲ ಭಾಗದಲ್ಲಿ ಅಂಗಾತ ಮಲಗಿಸಿ ಅಂತ ಊರೂರಿಗೂ ಹೇಳಿದರು. ತೊಟ್ಟಿಲಲ್ಲೇ ಕಾರಣ ತಿಳಿಯದೆ ಸಾಯುತ್ತಿದ್ದ ಮಕ್ಕಳ ಸಂಖ್ಯೆ ಅರ್ಧಕ್ಕೂ ಕೆಳಗೆ ಇಳಿಯಿತು. ಔಷಧಿ ಇಲ್ಲ, ಆಪರೇಷನ್ ಇಲ್ಲ, ಮಲಗಿಸುವ ಬಗೆ ಬದಲಾಯಿತು, ಅಷ್ಟೇ.

"ಅಂಗಾತ ಮಲಗಿದ್ರೆ ಹಾಲು ಕಕ್ಕಿ ಉಸಿರಿಗೆ ಸಿಕ್ಕಿಕೊಳ್ಳಲ್ವಾ?" ಅಂತ ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಅಂಗಾತ ಮಲಗಿದಾಗ ಉಸಿರಿನ ನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗೆ. ಕಕ್ಕಿದ ಹಾಲು ಮೇಲಕ್ಕೆ ಹತ್ತಿ ಹೋಗಬೇಕು. ಬೋರಲು ಹಾಕಿದರೆ ಉಸಿರಿನ ನಾಳವೇ ತಗ್ಗಿನಲ್ಲಿರುತ್ತದೆ. ನೀರು ಯಾವ ಕಡೆ ಹರಿಯುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹಾಲು ಕುಡಿಸಿ ಹೆಗಲಿಗೆ ಹಾಕಿಕೊಂಡು ತೇಗಿಸಿ, ಆಮೇಲೆ ಮಲಗಿಸಿ. ಸೀರೆ ಜೋಲಿಯಲ್ಲಿ ಕೂಸು ಮಡಚಿಕೊಂಡು ಗಲ್ಲ ಎದೆಗೆ ಒತ್ತಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಎಳೇ ಕೂಸಿಗೆ ಗಟ್ಟಿ ಚಾಪೆ ಹಾಸಿಗೆಯೇ ಲೇಸು.

ತೂಕ ಕಡಿಮೆ ಇರುವ, ದಿನ ತುಂಬದ ಕೂಸುಗಳದ್ದು ಬೇರೆಯೇ ಲೋಕ. ಎಸ್‌ಎನ್‌ಸಿಯು (ಎಳೆಗೂಸುಗಳ ವಿಶೇಷ ಆರೈಕೆ ಕೋಣೆ) ಗಾಜಿನ ಆಚೆ ನಿಂತ ತಾಯಂದಿರು ನನ್ನನ್ನು ಕೇಳುತ್ತಾರೆ, "ಯಾಕಮ್ಮಾ ನನ್ನ ಮಗೂನ ಆ ಥರ ನೆಟ್ಟಗೆ ಇಟ್ಟಿದೀರಿ, ಎರಡು ಕಡೆ ಬಟ್ಟೆ ಸುರುಳಿ ಇಟ್ಟು?" ಅಂಥ ಕೂಸಿನ ಮಿದುಳಿನ ನಡುವೆ ತುಂಬಾ ನಾಜೂಕಾದ ನಾಳಗಳ ಒಂದು ಜಾಗ ಇರುತ್ತದೆ. ಮೊದಲ ಮೂರು ದಿನ ಅಲ್ಲಿ ರಕ್ತಸ್ರಾವವಾಗುವ ಭಯ ಹೆಚ್ಚು. ಕತ್ತನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿದರೆ ಆ ಕಡೆಯ ಕತ್ತಿನ ಅಭಿಧಮನಿ ಒತ್ತಿಹೋಗಿ ತಲೆಯಿಂದ ಇಳಿಯಬೇಕಾದ ರಕ್ತ ನಿಲ್ಲಬಹುದು. ಅದಕ್ಕೆ ಮೂಗು ಹೊಕ್ಕಳಿನ ನೇರಕ್ಕೆ, ತಲೆಯ ಕಡೆ ಸ್ವಲ್ಪ ಎತ್ತರ. ಬಟ್ಟೆ ಬದಲಾಯಿಸುವಾಗ ನಾವು ಅಭ್ಯಾಸಬಲದಿಂದ ಎರಡೂ ಕಾಲನ್ನು ಮೇಲೆತ್ತುತ್ತೇವಲ್ಲ, ಆ ಪುಟ್ಟ ಕೂಸಿಗೆ ಹಾಗೂ ಮಾಡುವುದಿಲ್ಲ. ಕಾಲಿನ ರಕ್ತ ಒಮ್ಮೆಗೇ ತಲೆಯ ಕಡೆ ನುಗ್ಗದಿರಲಿ ಅಂತ. ಸೊಂಟವನ್ನು ಪಕ್ಕಕ್ಕೆ ಹೊರಳಿಸಿ ಬಟ್ಟೆ ಜಾರಿಸುತ್ತಾರೆ. ನಮ್ಮ ನರ್ಸಮ್ಮಂದಿರು ಅದನ್ನು ಮಾಡುವ ನಾಜೂಕು ನೋಡಬೇಕು.

ಆಮೇಲೆ ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು ಕೂಸನ್ನು ಬೆಚ್ಚಗಿಡುವ ಸಾಕಷ್ಟು ಇನ್‌ಕ್ಯುಬೇಟರ್ ಇಲ್ಲದೆ ತಾಯಿಯ ಎದೆಗೇ ಕೂಸನ್ನು ಕಟ್ಟಿದರು. ಅಲ್ಲಿಂದ ಶುರು. ಐದು ದೇಶಗಳಲ್ಲಿ, ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ, ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಸೇರಿಸಿದರೆ ಕಡಿಮೆ ತೂಕದ ಮಕ್ಕಳ ಸಾವು ನಾಲ್ಕರಲ್ಲೊಂದು ಪಾಲು ತಗ್ಗುತ್ತದೆ ಅಂತ ಗೊತ್ತಾಯಿತು. ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯ ತನಕ ಮಾಡಿ ತೋರಿಸಿದ್ದಾರೆ. ಅಲ್ಲೂ ಮೈ ಇಡುವ ಬಗೆಯೇ ಮುಖ್ಯ. ಕೂಸು ನೆಟ್ಟಗೆ, ಎದೆಗೆ ಎದೆ ಕೊಟ್ಟು, ಕಾಲು ಕಪ್ಪೆಯ ಹಾಗೆ ಅಗಲಿಸಿ ಮಡಚಿ, ಮುಖ ಒಂದು ಪಕ್ಕಕ್ಕೆ, ಗಲ್ಲ ಸ್ವಲ್ಪ ಎತ್ತಿದ್ದು. "ಬೋರಲು ಬೇಡ ಅಂದ್ರಿ, ಇದೂ ಬೋರಲೇ ಅಲ್ವಾ?" ಅನ್ನಬಹುದು. ಇಲ್ಲಿ ತಲೆ ಮೇಲಿದೆ, ತಾಯಿ ಎಚ್ಚರವಿದ್ದಾಳೆ, ಪ್ರತಿ ಉಸಿರೂ ಅವಳಿಗೆ ಗೊತ್ತಾಗುತ್ತದೆ. ಅಪ್ಪಂದಿರೂ ಮಾಡಬಹುದು. ಅಂಗಿ ಬಿಚ್ಚಿ ಕೂರಿ.

ಒಂದು ಹೃದಯದ ಕಾಯಿಲೆ ಹೇಳಿ ಮುಂದೆ ಹೋಗುತ್ತೇನೆ. ಫ್ಯಾಲೋ ಅನ್ನುವ ತೊಂದರೆ ಇರುವ ಮಕ್ಕಳಲ್ಲಿ ಹೃದಯದಲ್ಲಿ ತೂತು ಇರುತ್ತದೆ, ಶ್ವಾಸಕೋಶದ ದಾರಿ ಕಿರಿದಾಗಿರುತ್ತದೆ. ಎರಡು ಮೂರು ತಿಂಗಳ ಮಗು ಬೆಳಿಗ್ಗೆ ಅತ್ತು ಅತ್ತು ಇದ್ದಕ್ಕಿದ್ದಂತೆ ನೀಲಿಯಾಗುತ್ತದೆ. ಆಗ ಮಗುವಿನ ಎರಡು ಮಂಡಿಯನ್ನೂ ಮಡಚಿ ಎದೆಗೆ ಒತ್ತಿ ಹಿಡಿಯಬೇಕು. ಕಾಲಿನ ನಾಳಗಳು ಒತ್ತಿಹೋಗಿ ಮೈಯ ಕಡೆ ಹರಿಯುವುದಕ್ಕೆ ತಡೆ ಬೀಳುತ್ತದೆ, ರಕ್ತ ಶ್ವಾಸಕೋಶದ ಕಿರಿದಾದ ದಾರಿಯನ್ನೇ ಹಿಡಿಯುತ್ತದೆ. ಕಣ್ಣೆದುರೇ ತುಟಿ ಕೆಂಪಾಗುವುದನ್ನು ನಾನು ಕಂಡಿದ್ದೇನೆ. ನಡೆಯುವ ವಯಸ್ಸಿನ ಮಕ್ಕಳು ಇದನ್ನು ತಾವೇ ಕಂಡುಕೊಂಡಿರುತ್ತಾರೆ. ಓಡಿ ಆಡುತ್ತಾ ಇದ್ದಕ್ಕಿದ್ದಂತೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಾರೆ. ಅಂಗನವಾಡಿಯಲ್ಲಿ ಅಂಥ ಮಗು ಇದ್ದರೆ "ಸೋಮಾರಿ" ಅಂತ ಗದರಬೇಡಿ, ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿ. ಬೆಂಗಳೂರಿನ ಜಯದೇವದಂಥ ಕಡೆ ಇದಕ್ಕೆ ಆಪರೇಷನ್ ಆಗುತ್ತದೆ. ಮಂಡಿ ಮಡಚಿ ಹಿಡಿದದ್ದು ಆಸ್ಪತ್ರೆ ಸೇರುವ ತನಕ ಮಾತ್ರ, 108ಕ್ಕೆ ಫೋನ್ ಮಾಡುವುದನ್ನು ಮರೆಯಬೇಡಿ.

ಹಾಗಾದರೆ ಯಾವ ಬಣ್ಣಕ್ಕೆ ಹೆದರಬೇಕು, ಯಾವುದಕ್ಕೆ ಬೇಡ? ಮೊದಲ ಒಂದೆರಡು ದಿನ ಅಂಗೈ ಅಂಗಾಲು ಎರಡೂ ನೀಲಿಯಾಗಿದ್ದು ತುಟಿ ನಾಲಿಗೆ ಕೆಂಪಗಿದ್ದರೆ ಬೆಚ್ಚಗೆ ಇಡಿ, ಸಾಕು. ನಾಲಿಗೆಯೇ ನೀಲಿಯಾಗಿದ್ದರೆ ಒಂದು ನಿಮಿಷವೂ ಕಾಯಬೇಡಿ. ಎಷ್ಟೇ ಗಾಢ ಮೈಬಣ್ಣದ ಕೂಸಾದರೂ ನಾಲಿಗೆ ಮತ್ತು ವಸಡು ನಿಜ ಹೇಳುತ್ತವೆ. ಗೆರೆ ಉದ್ದಕ್ಕಿದ್ದು ಎಡ ಬಲ ಬೇರೆ ಬಣ್ಣವಾದರೆ ಅದು ಮಗ್ಗುಲಿನ ಆಟ. ಕೈ ಕೆಂಪಗಿದ್ದು ಕಾಲು ಮಾತ್ರ ನೀಲಿಯಾದರೆ, ಅಂದರೆ ಗೆರೆ ಅಡ್ಡಕ್ಕೆ ಎಳೆದ ಹಾಗಿದ್ದರೆ, ಆ ಬಳಸುದಾರಿಯ ಕೊಳವೆಯಲ್ಲಿ ಇನ್ನೂ ನೀಲಿ ರಕ್ತ ಕಾಲಿಗೆ ಹರಿಯುತ್ತಿರಬಹುದು. ಅದು ಮಲಗಿಸುವ ಬಗೆ ಬದಲಿಸಿದರೆ ಹೋಗುವಂಥದ್ದಲ್ಲ, ಕೂಡಲೇ ಆಸ್ಪತ್ರೆಗೆ. ಮನೆಗೆ ಕಳಿಸುವ ಮುಂಚೆ ಬಲಗೈಗೊಮ್ಮೆ, ಕಾಲಿಗೊಮ್ಮೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡುವುದು ಇದನ್ನೇ ಹಿಡಿಯಲು. ನಿಮ್ಮ ಆಸ್ಪತ್ರೆಯಲ್ಲಿ ಮಾಡಿದರೋ ಇಲ್ಲವೋ ಕೇಳಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಆಶಾ ತಂಗಿ ಎದ್ದು ಕೇಳಿದಳು, "ಮೂರನೇ ದಿನದ ಭೇಟಿಗೆ ಹೋದಾಗ ಆ ಅರ್ಧ ಬಣ್ಣ ಕಣ್ಣಿಗೆ ಬಿದ್ರೆ ಏನ್ ಮಾಡ್ಲಿ ಮೇಡಂ?" ನಾನು ಹೇಳಿದ್ದು ಇಷ್ಟು: ಮೊದಲು ನಾಲಿಗೆ ನೋಡು, ಉಸಿರು ಎಣಿಸು, ಮೈ ಬೆಚ್ಚಗಿದೆಯಾ ಮುಟ್ಟಿ ನೋಡು, ಹಾಲು ಕುಡಿಯುತ್ತಿದೆಯಾ ಕೇಳು. ಎಲ್ಲಾ ಸರಿಯಿದ್ದರೆ ಮಗ್ಗುಲು ಬದಲಿಸಿ ಕಾದು ನೋಡು. ಮತ್ತೆ ಫೋನ್ ತೆಗೆದು, ಮನೆಯವರನ್ನು ಕೇಳಿ, ಒಂದು ವಿಡಿಯೋ ಮಾಡಿಕೋ. ನೀವು ಆಸ್ಪತ್ರೆಗೆ ಬಂದು ಮುಟ್ಟುವ ಹೊತ್ತಿಗೆ ಬಣ್ಣ ಹೋಗಿರುತ್ತದೆ. ಆ ಅಜ್ಜಿಯ ಕೈಯಲ್ಲಿ ಆವತ್ತು ಫೋನ್ ಇರಲಿಲ್ಲ.